ವಿರಹವೂ ಭಕ್ತಿಯೇ

1577ರ ಡಿಸೆಂಬರ್ ಚಳಿಯಲ್ಲಿ ಸ್ಪೇನಿನ ಆವಿಲಾ ಊರಿನಿಂದ ಗಿಡ್ಡ ಮೈಕಟ್ಟಿನ ಸನ್ಯಾಸಿಯೊಬ್ಬರನ್ನು ಅವರದೇ ಕಾರ್ಮೆಲ್ ಸಭೆಯವರು ಹಿಡಿದೊಯ್ದರು. ಸಂತ ತೆರೇಸಾ ಜೊತೆ ಸೇರಿ ಮಠಗಳನ್ನು ಹಳೆಯ ಕಟ್ಟುನಿಟ್ಟಿಗೆ ಮರಳಿಸಲು ಹೊರಟದ್ದೇ ಅವರ ತಪ್ಪು. ಅವರೇ ಶಿಲುಬೆಯ ಯೊವಾನ್ನರು.

ತೊಲೆಡೊ ಮಠದಲ್ಲಿ ಅವರನ್ನು ಕೂಡಿಹಾಕಿದ್ದು ಸುಮಾರು ಆರಡಿ ಅಗಲ, ಹತ್ತಡಿ ಉದ್ದದ ಕತ್ತಲೆ ಕೋಣೆಯಲ್ಲಿ. ಬೆಳಕಿಗೆ ಮೇಲೊಂದು ಕಿರುಗಂಡಿ. ಪ್ರಾರ್ಥನೆಯ ಪುಸ್ತಕ ಓದಬೇಕಾದರೆ ಮಣೆ ಹತ್ತಿ ನಿಲ್ಲಬೇಕು. ಊಟದ ಮನೆಯಲ್ಲಿ ಎಲ್ಲರೆದುರು ಚಾಟಿಯೇಟು. ಕೆಲವು ತಿಂಗಳ ಮೇಲೆ ಬಂದ ಹೊಸ ಕಾವಲುಗಾರ ಮರುಗಿ ಕಾಗದ, ಶಾಯಿ ಕೊಟ್ಟ. ಆ ಕೋಣೆಯಲ್ಲಿ ಹುಟ್ಟಿದ್ದು ಒಂದು ಪ್ರೇಮಗೀತೆ! ಮರೆಯಾದ ಇನಿಯನನ್ನು ಹುಡುಕುತ್ತ ಹೊರಟವಳು ಕುರುಬರನ್ನೂ ಕಾಡನ್ನೂ ಕೇಳುತ್ತಾಳೆ.

ಕನ್ನಡದ ಕಿವಿಗೆ ಈ ದನಿ ಹೊಸದೇನಲ್ಲ. ನಾಲ್ಕು ಶತಮಾನ ಮೊದಲೇ ಅಕ್ಕಮಹಾದೇವಿ ಗಿಳಿ, ಕೋಗಿಲೆ, ದುಂಬಿಗಳನ್ನು ಚೆನ್ನಮಲ್ಲಿಕಾರ್ಜುನನ ಸುಳಿವು ಕೇಳಿದ್ದಳು. ಯೊವಾನ್ನರಿಗೆ ಅವಳ ಸುದ್ದಿ ಗೊತ್ತಿರುವುದು ಸಾಧ್ಯವಿರಲಿಲ್ಲ. ಅವರಿಗೆ ಆಸರೆಯಾದದ್ದು ಬೈಬಲ್ಲಿನ ಪರಮಗೀತೆ. ಗಂಡಾಗಿ ಹುಟ್ಟಿಯೂ ದೇವರೆದುರು ಹೆಣ್ಣಾಗುವುದು ಶರಣಸತಿ ಲಿಂಗಪತಿ ಎಂದವರಿಗೆ ತಾನಾಗಿ ಅರ್ಥವಾಗುವ ಸಂಗತಿ.

ನಾರದ ಭಕ್ತಿಸೂತ್ರ ಭಕ್ತಿಯ ಹನ್ನೊಂದು ಬಗೆಗಳನ್ನು ಎಣಿಸುತ್ತದೆ. ತನ್ಮಯತೆ ಹತ್ತನೆಯದು, ಅದಾದ ಮೇಲೆ ಕೊನೆಯದಾಗಿ ಪರಮವಿರಹ. ದೇವರು ದೂರವಾದನೆಂದು ಅನಿಸಿದಾಗ ತಮ್ಮ ಭಕ್ತಿಯೇ ಬತ್ತಿತೆಂದು ಕೊರಗುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಯಾವುದಿದೆ? ಯೊವಾನ್ನರು ಆ ಸ್ಥಿತಿಯನ್ನು ಕಗ್ಗತ್ತಲ ರಾತ್ರಿ ಎಂದು ಕರೆದರು. ದೇವರು ಕೊಡುವ ಸವಿಯ ಆಸೆಯನ್ನೂ ಆ ರಾತ್ರಿ ಕಳಚಿ, ದೇವರೊಬ್ಬನನ್ನೇ ಉಳಿಸುತ್ತದೆ. ದರ್ಶನ, ಅಶರೀರವಾಣಿಗಳಿಗೂ ಜೋತುಬೀಳಬಾರದೆಂದು ಅವರು ಎಚ್ಚರಿಸಿದ್ದರು.

ಹಾಗೆಂದು ಅಕ್ಕನ ವಿರಹವೂ ಯೊವಾನ್ನರ ವಿರಹವೂ ಒಂದೇ ಎಂದುಬಿಟ್ಟರೆ ಇಬ್ಬರಿಗೂ ಅನ್ಯಾಯ. ಯೊವಾನ್ನರ ಇನಿಯ ಕ್ರಿಸ್ತ. ಶಿಲುಬೆಯ ನೋವನ್ನು ಬದಿಗಿಟ್ಟು ಅವರ ಒಲವನ್ನು ಅರಿಯಲಾಗದು.

1578ರ ಆಗಸ್ಟಿನಲ್ಲಿ ಹೊದಿಕೆಯನ್ನು ಹರಿದು ಗಂಟುಹಾಕಿ, ಅದನ್ನು ಹಿಡಿದು ಇಳಿದು ಅವರು ತೊಲೆಡೊದ ಸೆರೆಯಿಂದ ಪಾರಾದರು. ಮುಂದೆ ದಕ್ಷಿಣ ಸ್ಪೇನಿನ ಬೇಯಾಸ್ ಮಠದಲ್ಲಿ ಫ್ರಾನ್ಸಿಸ್ಕಾ ಎಂಬ ಸನ್ಯಾಸಿನಿಯನ್ನು, ಪ್ರಾರ್ಥನೆಯಲ್ಲಿ ಏನು ಮಾಡುತ್ತೀರಿ ಎಂದು ವಿಚಾರಿಸಿದರು. ದೇವರ ಚೆಲುವನ್ನು ನೆನೆಯುತ್ತ, ಅಂಥ ಚೆಲುವು ಅವನಿಗಿದೆಯಲ್ಲ ಎಂದು ಹಿಗ್ಗುವುದು ಎಂದರು ಆಕೆ. ಬೇಡಿಕೆಯ ಸೋಂಕೂ ಇಲ್ಲದ ಆ ಉತ್ತರಕ್ಕೆ ಯೊವಾನ್ನರು ಮನಸೋತು, ತಮ್ಮ ಗೀತೆಗೆ ಕೊನೆಯ ಐದು ಚರಣಗಳನ್ನು ಬರೆದು ಸೇರಿಸಿದರು.