ದಂಡ ಕಟ್ಟಲಾಗದವರಿಗೆ ಕಾನೂನಿನ ದಾರಿ



ಬಸವೇಶ್ವರನಗರದ ಆಟೋ ಚಾಲಕರೊಬ್ಬರಿಗೆ ನ್ಯಾಯಾಲಯ 3,000 ರೂಪಾಯಿ ದಂಡ, ತಪ್ಪಿದರೆ 30 ದಿನ ಸಜೆ ವಿಧಿಸಿತೆಂದು ಭಾವಿಸೋಣ. ಕೈಯಲ್ಲಿ ಹಣವಿಲ್ಲ. ಜೈಲೊಂದೇ ದಾರಿಯೆ? ಅಲ್ಲ. ಶಿಕ್ಷೆ ಬರೀ ದಂಡವಾಗಿದ್ದರೆ, ಮುಚ್ಚಳಿಕೆ ಬರೆಸಿಕೊಂಡು 30 ದಿನಗಳ ಕಾಲಾವಕಾಶವನ್ನೋ ಎರಡು-ಮೂರು ಕಂತುಗಳನ್ನೋ ನ್ಯಾಯಾಧೀಶರು ನೀಡಬಹುದು. ಜೈಲಿಗೆ ಹೋದರೂ ಲೆಕ್ಕ ಮುಗಿಯದು: 2,000 ರೂಪಾಯಿ ಕಟ್ಟಿದರೆ ಸಜೆ 10 ದಿನಕ್ಕಿಳಿಯುತ್ತದೆ; ಪೂರ್ತಿ ಕಟ್ಟಿದರೆ ಸಜೆ ಅಲ್ಲಿಗೇ ಕೊನೆ. 1860ರ ದಂಡ ಸಂಹಿತೆಯ ಈ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ.

ಆದರೂ ಹಣದ ಅಂತರ ಅಳಿಯದು. ಒಂದೇ ಮೊಕದ್ದಮೆಯಲ್ಲಿ ನಾಲ್ಕು ವರ್ಷದ ಸಜೆ, ತಲಾ 10 ಕೋಟಿಗೂ ಮಿಕ್ಕ ದಂಡಕ್ಕೆ ಗುರಿಯಾಗಿ ಪರಪ್ಪನ ಅಗ್ರಹಾರ ಸೇರಿದವರಲ್ಲಿ, ವಿ.ಕೆ. ಶಶಿಕಲಾ ದಂಡ ಕಟ್ಟಿ 2021ರ ಜನವರಿಯಲ್ಲಿ ಬಿಡುಗಡೆಯಾದರು, ಕಟ್ಟದ ವಿ.ಎನ್. ಸುಧಾಕರನ್ ಅಕ್ಟೋಬರ್‌ವರೆಗೂ ಒಳಗಿದ್ದರು.

ಕೋಟಿಯ ಮಾತು ಹಾಗಿರಲಿ. ಕೆಲವೇ ಸಾವಿರಕ್ಕೆ ಒಳಗುಳಿಯುವ ಬಡವರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಯೋಜನೆಯೊಂದನ್ನು ತಂದಿತು. ದಂಡಕ್ಕೆ 25,000 ರೂಪಾಯಿವರೆಗೆ ನೆರವು. ಬಡವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನೂ ಒದಗಿಸುತ್ತದೆ. ಆದರೆ "ಕಂತು ಕೊಡಿ ಸ್ವಾಮಿ" ಎಂದು ಕೇಳಬಹುದೆಂದೇ ತಿಳಿಯದವರಿಗೆ ಈ ಅವಕಾಶ ಇದ್ದೂ ಇಲ್ಲದಂತೆ. ಮನೆಯಲ್ಲಿ, ಬೀದಿಯಲ್ಲಿ ನಾಲ್ಕು ಜನಕ್ಕೆ ಇದನ್ನು ತಿಳಿಸಿ.