ಮಸ್ಕಿಯ ಕಲ್ಲು, ಕಂದಹಾರದ ಕಲ್ಲು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂಥ ಸಮಾರಂಭದಲ್ಲಿ ಶಾಲೆಯ ಹಳೆಯ ನೆನಪುಗಳನ್ನು ಹೇಳುವುದು ವಾಡಿಕೆ. ನಾನು ಶಾಲೆಗಿಂತ ಬಹಳ ಹಳೆಯವಾದ ಎರಡು ಕಲ್ಲುಗಳ ವಿಷಯ ಹೇಳುತ್ತೇನೆ.

ಮೊದಲನೆಯದು ನಮ್ಮ ಮಸ್ಕಿಯ ಗುಡ್ಡದಲ್ಲಿದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಅದು ಬಿತ್ತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೊರೆಗೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಹೆಸರುಗಳಷ್ಟೇ ಇದ್ದವು. ನಮ್ಮ ಕಲ್ಲಿನಲ್ಲಿ ‘ಅಶೋಕ’ ಎಂದೇ ಇತ್ತು. ಆ ದೊರೆ ಅಶೋಕನೇ ಎಂಬುದಕ್ಕೆ ಹೀಗೆ ಕಲ್ಲಿನ ಸಾಕ್ಷಿ ಸಿಕ್ಕಿತು.

ಎರಡನೆಯದೂ ಅಶೋಕನ ಶಾಸನವೇ. ಅದು 1963ರಲ್ಲಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ಸಿಕ್ಕಿತು, ಭಾಷೆ ಗ್ರೀಕ್. ಕಳಿಂಗ ಯುದ್ಧದ ಸಾವುನೋವಿಗಾಗಿ ದೊರೆ ಮರುಗಿದ್ದನ್ನು ಹೇಳುವ ಹದಿಮೂರನೆಯ ಶಾಸನದ ಆರಂಭ ಅದರಲ್ಲಿತ್ತು. ಅದನ್ನು ಕಾಬೂಲಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. 1990ರ ದಶಕದ ಅಂತರ್ಯುದ್ಧದಲ್ಲಿ ಸಂಗ್ರಹಾಲಯ ಲೂಟಿಯಾಯಿತು. ಆ ಕಲ್ಲು ಎಲ್ಲಿ ಹೋಯಿತೋ ತಿಳಿಯದಾಯಿತು. ಯುದ್ಧಕ್ಕಾಗಿ ಮರುಗಿದ ಮಾತು ಯುದ್ಧದಲ್ಲೇ ಕಳೆದುಹೋಯಿತು.

ಇದು ದೂರದ ಕಥೆಯೆಂದು ತಿಳಿಯಬೇಡಿ. ಕೃಷ್ಣೆ, ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆ ನಾಡು ಎಷ್ಟೋ ಸೈನ್ಯಗಳನ್ನು ಕಂಡಿದೆ. ಮುದಗಲ್ ಕೋಟೆಗಾಗಿ ವಿಜಯನಗರದವರೂ ಬಹಮನಿಯವರೂ ಕಾದಾಡಿದರು. ಹನ್ನೊಂದನೆಯ ಶತಮಾನದಲ್ಲಿ ಚೋಳ ರಾಜಾಧಿರಾಜ ಚಾಲುಕ್ಯರ ಕಲ್ಯಾಣವನ್ನು ಸುಟ್ಟು, ಅಲ್ಲಿನ ದ್ವಾರಪಾಲಕನ ವಿಗ್ರಹವನ್ನು ಹೊತ್ತೊಯ್ದ. ಹಾಗೆ ತಂದೆನೆಂದು ಅದರ ಮೇಲೆಯೇ ಬರೆಸಿದ. ಅದು ಈಗ ತಂಜಾವೂರಿನಲ್ಲಿದೆ. ಅಂದು ಗೆದ್ದವನಿಗೆ ಅದು ಹೆಮ್ಮೆಯ ವಿಷಯ.

ಇಂದು ಅದು ಅಪರಾಧ. ಎರಡನೆಯ ಮಹಾಯುದ್ಧದ ಹಾಳು ಕಂಡ ಮೇಲೆ, 1954ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳು ಒಂದು ಒಪ್ಪಂದ ಮಾಡಿಕೊಂಡವು. ಯುದ್ಧದಲ್ಲಿ ಗುಡಿ, ಮಸೀದಿ, ಗ್ರಂಥಾಲಯ, ಸ್ಮಾರಕಗಳಿಗೆ ಕೈಹಚ್ಚಬಾರದು, ಲೂಟಿ ತಡೆಯಬೇಕು, ಇದಕ್ಕೆ ಶಾಂತಿಯ ಕಾಲದಲ್ಲೇ ಸಿದ್ಧತೆ ಮಾಡಬೇಕು ಎಂಬುದು ಅದರ ತಿರುಳು. ಭಾರತ 1958ರಲ್ಲಿ ಅದಕ್ಕೆ ಸೇರಿತು. ಕದ್ದ ಪುರಾತನ ವಸ್ತುಗಳ ವ್ಯಾಪಾರ ತಡೆಯಲು 1970ರಲ್ಲಿ ಯುನೆಸ್ಕೋದ ಇನ್ನೊಂದು ಒಪ್ಪಂದ ಬಂತು. ಆಫ್ರಿಕಾದ ಟಿಂಬಕ್ಟುವಿನಲ್ಲಿ ಸಂತರ ಗೋರಿಗಳನ್ನು ಕೆಡವಿಸಿದವನಿಗೆ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಒಂಬತ್ತು ವರ್ಷ ಜೈಲು ವಿಧಿಸಿತು.

ಆದರೆ ಕಾನೂನು ಕೆಲಸ ಮಾಡಬೇಕಾದರೆ ಊರಿನವರ ಕೈ ಬೇಕು. ಕಾಬೂಲಿನ ಸಂಗ್ರಹಾಲಯದ ನೌಕರರು ಪ್ರಾಚೀನ ಚಿನ್ನದ ಆಭರಣಗಳನ್ನು ಅರಮನೆಯ ತಿಜೋರಿಯಲ್ಲಿ ಬಚ್ಚಿಟ್ಟು, ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. 2003ರಲ್ಲಿ ತೆರೆದಾಗ ಅವು ಹಾಗೇ ಇದ್ದವು. ಹೊರಗೆ ಹೋದವುಗಳಲ್ಲಿ 843 ವಸ್ತುಗಳು ಬ್ರಿಟಿಷ್ ಮ್ಯೂಸಿಯಂ ನೆರವಿನಿಂದ 2012ರಲ್ಲಿ ಮರಳಿದವು. ಕಂದಹಾರದ ಗ್ರೀಕ್ ಕಲ್ಲು ಹೋದರೂ ಅದರ ಅಕ್ಷರ ಉಳಿದಿದೆ. ಕಾರಣ, ಫ್ರೆಂಚ್ ವಿದ್ವಾಂಸ ಡೇನಿಯಲ್ ಷ್ಲುಂಬರ್ಜರ್ 1964ರಲ್ಲೇ ಪಾಠವನ್ನು ಅಚ್ಚುಮಾಡಿದ್ದರು.

ನಮ್ಮೂರಲ್ಲಿ ಏನಾಗಿದೆ? ಮಸ್ಕಿಯ ಶಾಸನ ಎಲ್ಲರಿಗೂ ಗೊತ್ತು. ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿಗೆ, ಕೆರೆಯ ಏರಿಯ ಮೇಲಿನ ಒಡೆದ ಮೂರ್ತಿಗೆ ಲೆಕ್ಕ ಇದೆಯೇ? ಫೋಟೋ, ಅಳತೆ ಯಾವುದೂ ಇಲ್ಲದ ಕಲ್ಲು ಕಳವಾದರೆ ಅದು ನಮ್ಮದೆಂದು ಹೇಗೆ ತೋರಿಸುತ್ತೀರಿ? ಕಳ್ಳನಿಗೆ ಯುದ್ಧವೇ ಬೇಕೆಂದಿಲ್ಲ.

ಅದಕ್ಕೇ ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯಲ್ಲಿ ಒಂದು ರಿಜಿಸ್ಟರ್ ಇಡೋಣ. ಮಕ್ಕಳು ಪ್ರತಿ ಹಳ್ಳಿಯ ಕಲ್ಲು, ಮೂರ್ತಿಗಳ ಫೋಟೋ, ಅಳತೆ, ಇರುವ ಜಾಗ ಬರೆಯಲಿ. ಹಿರಿಯರು ಅವುಗಳ ಬಗ್ಗೆ ತಮಗೆ ಗೊತ್ತಿರುವುದನ್ನು ಹೇಳಲಿ. ಒಂದು ಪ್ರತಿ ಪುರಾತತ್ವ ಇಲಾಖೆಗೆ ಹೋಗಲಿ. ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವ ಕಲ್ಲಿದ್ದರೆ ಊರಿನವರನ್ನು ಕೇಳಿಯೇ ಫೋಟೋ ತೆಗೆಯಿರಿ. ಯಾವುದನ್ನೂ ಕಿತ್ತು ತರಬೇಡಿ. ರಿಜಿಸ್ಟರು ನಾನು ಕೊಡಿಸುತ್ತೇನೆ. ಮೊದಲ ಪುಟ ತುಂಬಿಸುವವರು ಯಾರು, ಕೈ ಎತ್ತಿ.