ಮುಂದಿನ ಚಕ್ರಗಳ ಹೊಣೆ



ಹಳೆಯ ಕಾರಿನ ಮುಂಭಾಗದ ಸಸ್ಪೆನ್ಶನ್ ಮತ್ತು ಸ್ಟಿಯರಿಂಗನ್ನು ಇಂದಿನ ರಸ್ತೆಗೆ ಹೇಗೆ ಅಣಿಗೊಳಿಸಬೇಕು ಎಂಬುದು ಈ ಸಂಕಿರಣದ ವಿಷಯ. ಇದನ್ನು ಚರ್ಚಿಸಲು ಕಾಸರಗೋಡಿಗಿಂತ ಒಳ್ಳೆಯ ಜಾಗವಿಲ್ಲ ಎಂದು ನಾನು ನಂಬಿದ್ದೇನೆ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಉದ್ದದ ಷಟ್ಪಥ ಹೆದ್ದಾರಿ. ಅಲ್ಲೇ ಚೆರ್ಕಳದಲ್ಲಿ ಹೊರಳಿದರೆ ಬದಿಯಡ್ಕ, ಪೆರ್ಲ ಹಾಯ್ದು ಕಲ್ಲಡ್ಕಕ್ಕೋ ಮುಳ್ಳೇರಿಯ ಹಾಯ್ದು ಜಾಲ್ಸೂರಿಗೋ ಹೋಗುವ ದಾರಿ: ಏರು, ಇಳಿತ, ಕುರುಡು ತಿರುವು. ಒಂದೇ ಕಾರು ಒಂದೇ ಗಂಟೆಯೊಳಗೆ ಈ ಎರಡೂ ಬಗೆಯ ರಸ್ತೆ ಕಾಣುತ್ತದೆ. ಮೇಲಿಂದ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರುವ ಮಳೆ ಮತ್ತು ಕರಾವಳಿಯ ಉಪ್ಪುಗಾಳಿ. ಕಾರಿನ ಅಡಿಭಾಗದ ಕಬ್ಬಿಣಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಡ.

ಈ ನೆಲದಲ್ಲಿ ಅಂಬಾಸಿಡರ್ ಮತ್ತು ಜೀಪುಗಳು ಶೋಕಿಯ ವಸ್ತುಗಳಾಗಿರಲಿಲ್ಲ. ರಾತ್ರೋರಾತ್ರಿ ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಮುಟ್ಟಿಸಿದ್ದು, ಬಸ್ಸು ಹತ್ತದ ಗುಡ್ಡಕ್ಕೆ ಜನರನ್ನೂ ಅಡಿಕೆ ಮೂಟೆಯನ್ನೂ ಹೊತ್ತದ್ದು ಅವೇ ವಾಹನಗಳು. ಅವುಗಳಲ್ಲಿ ಉಳಿದವನ್ನು ಓಡುವ ಸ್ಥಿತಿಯಲ್ಲಿ ಇಡಬೇಕೆಂಬ ಹಂಬಲ ನನಗೂ ಇದೆ. ಆ ಹಂಬಲದಿಂದಲೇ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಮೊದಲು ಅಳೆಯಿರಿ, ಮೂಲ ಸ್ಥಿತಿಗೆ ತನ್ನಿ, ಆಮೇಲೆ ಬದಲಾಯಿಸಿ. ಎಂಜಿನ್ ಕೈಕೊಟ್ಟರೆ ಕಾರು ರಸ್ತೆಬದಿಯಲ್ಲಿ ನಿಲ್ಲುತ್ತದೆ. ಸ್ಟಿಯರಿಂಗ್ ಕೈಕೊಟ್ಟರೆ ಏನಾಗುತ್ತದೆಂದು ಈ ಸಭೆಗೆ ವಿವರಿಸಬೇಕಿಲ್ಲ.

ಅಂಬಾಸಿಡರನ್ನೇ ನೋಡೋಣ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯಿಂದ ಬಂದ ಈ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ಉತ್ತರಪಾಡಾದಲ್ಲಿ ತಯಾರಾಯಿತು. ‘ಸ್ಟಿಯರಿಂಗ್ ಭಾರ, ರ‍್ಯಾಕ್ ಹಾಕಿಕೊಡಿ’ ಎಂದು ಮಾಲೀಕರು ಕೇಳುವುದುಂಟು. ಆದರೆ ಅಂಬಾಸಿಡರಿನಲ್ಲಿ ರ‍್ಯಾಕ್ ಮತ್ತು ಪಿನಿಯನ್ ಮೊದಲಿನಿಂದಲೂ ಇದೆ. ಭಾರಕ್ಕೆ ಕಾರಣ ಬೇರೆಡೆ ಇರುತ್ತದೆ: ಗ್ರೀಸ್ ಕಾಣದ ಪಿನ್ನು, ಬಿಗಿದುಕೊಂಡ ಬುಶ್ಶು, ಗಾಳಿ ಕಡಿಮೆಯಾದ ಟೈರು, ಕಂಪನಿ ಕೊಟ್ಟದ್ದಕ್ಕಿಂತ ಅಗಲದ ರೇಡಿಯಲ್. ಈ ನಾಲ್ಕನ್ನು ಸರಿಪಡಿಸಿ ನೋಡುವ ಮೊದಲೇ ಕತ್ತರಿಸಲು ಹೊರಡುವುದು ತಪ್ಪು.

ಅದೇ ಕಾರಿನ ಮುಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಇಲ್ಲ, ಟಾರ್ಶನ್ ಬಾರ್ ಇದೆ. ಉದ್ದನೆಯ ಉಕ್ಕಿನ ಸಲಾಕೆ ತಿರುಚಿಕೊಂಡು ಭಾರ ಹೊರುತ್ತದೆ. ಅದರ ಹಿಂದಿನ ತುದಿ ಹಿಡಿದಿರುವುದು ಕಾರಿನ ತಳದ ಅಡ್ಡ ತೊಲೆಯನ್ನು. ಅಂದರೆ ಮುಂಚಕ್ರ ತಿಂದ ಪೆಟ್ಟು ಕೂರುವ ಸೀಟಿನ ಕೆಳಗಿನ ತಗಡಿನವರೆಗೆ ಹರಡುತ್ತದೆ. ನಮ್ಮ ಕರಾವಳಿಯಲ್ಲಿ ತುಕ್ಕು ಮೊದಲು ಹಿಡಿಯುವುದು ಅಂಥ ಮುಚ್ಚಿದ ಪೆಟ್ಟಿಗೆಗಳ ಒಳಮೈಗೆ. ಮೇಲೆ ಬಣ್ಣ ಮಿರುಗುತ್ತಿರುತ್ತದೆ, ಒಳಗೆ ಲೋಹ ಪುಡಿಯಾಗಿರುತ್ತದೆ. ಬಾರ್ ಬಿಚ್ಚುವಾಗ ಎಡದ್ದು, ಬಲದ್ದು ಎಂದು ಗುರುತು ಹಾಕಲೇಬೇಕು. ಒಂದೇ ದಿಕ್ಕಿಗೆ ತಿರುಚಿ ತಿರುಚಿ ಒಗ್ಗಿದ ಉಕ್ಕನ್ನು ಆಚೀಚೆ ಮಾಡಿದರೆ ಅದು ಬೇಗ ಸೋಲುತ್ತದೆ. ಅದರ ಮೈಮೇಲೆ ಚಾಣ ತಾಗಿದ ಸಣ್ಣ ಗೀರೂ ಮುಂದೆ ಬಿರುಕಾಗಿ ಬೆಳೆಯಬಲ್ಲದು.

ಇತ್ತೀಚೆಗೆ ಟಾರ್ಶನ್ ಬಾರ್ ಕಿತ್ತು ಕಾಯಿಲ್ ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್ ಕೂರಿಸುವ ಆಸೆ ಹೆಚ್ಚಿದೆ. ಕಾಗದದ ಮೇಲೆ ಸುಲಭ. ಆದರೆ ಅಲ್ಲಿಯತನಕ ತಳದ ತೊಲೆ ಹೊರುತ್ತಿದ್ದ ಭಾರ ಈಗ ಶಾಕಿನ ಮೇಲ್ತುದಿಗೆ ಬಂತು. ಆ ಜಾಗದ ತಗಡು ಅಲುಗಾಟ ತಡೆಯಲು ಮಾಡಿದ್ದೇ ಹೊರತು ಕಾರನ್ನೇ ಹೊರಲು ಮಾಡಿದ್ದಲ್ಲ. ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಚಿತ್ರ ಬರೆಯದೆ ವೆಲ್ಡಿಂಗ್ ಹಚ್ಚಬಾರದು. ಅಲೆಕ್ ಇಸಿಗೋನಿಸ್ ರೂಪಿಸಿ 1948ರಲ್ಲಿ ಹೊರಬಂದ ಮೋರಿಸ್ ಮೈನರ್ ನಿಮ್ಮ ಕೈಗೆ ಬಂದರೆ ಇನ್ನೂ ಎಚ್ಚರ ಬೇಕು. ಅದರಲ್ಲಿ ಲಿವರ್ ಶಾಕಿನ ತೋಳೇ ಸಸ್ಪೆನ್ಶನ್ನಿನ ಮೇಲಿನ ತೋಳು. ‘ಎಣ್ಣೆ ಸೋರುತ್ತಿದೆ, ತೆಗೆದುಬಿಡೋಣ’ ಎಂದು ಅದನ್ನು ತೆಗೆದರೆ ಚಕ್ರವನ್ನು ಮೇಲಿನಿಂದ ಹಿಡಿಯುವುದೇ ಇಲ್ಲವಾಗುತ್ತದೆ.

ಪದ್ಮಿನಿಯ ಕತೆ ಬೇರೆ. ಫಿಯೆಟ್ 1100ರ ಈ ಕುಡಿಯಲ್ಲಿ ಕಾಯಿಲ್ ಸ್ಪ್ರಿಂಗೂ ಮೇಲೆ ಕೆಳಗೆ ಎರಡು ತೋಳುಗಳೂ ಇವೆ. ಸ್ಟಿಯರಿಂಗ್ ವರ್ಮ್ ಬಾಕ್ಸಿನದು. ಕಾರು ಹೆಚ್ಚು ಹೊತ್ತು ನೇರ ಓಡುವುದರಿಂದ ಬಾಕ್ಸಿನ ಹಲ್ಲು ಸವೆಯುವುದು ನಡುವಿನಲ್ಲಿ. ಪ್ಲೇ ಹೋಗಲೆಂದು ನಡುವನ್ನು ಬಿಗಿ ಮಾಡಿದರೆ ಸವೆಯದ ಎರಡು ಅಂಚುಗಳಲ್ಲಿ ಅದು ಕಚ್ಚಿಕೊಳ್ಳುತ್ತದೆ. ತಿರುವು ಮುಗಿದ ಮೇಲೂ ಸ್ಟಿಯರಿಂಗ್ ಹಿಂದಕ್ಕೆ ಬರುವುದಿಲ್ಲ. ಪೆರ್ಲದ ತಿರುವುಗಳಲ್ಲಿ ಅಂಥ ಕಾರು ಓಡಿಸುವುದು ಪ್ಲೇ ಇರುವ ಕಾರಿಗಿಂತ ಅಪಾಯ. ಒಳಭಾಗಗಳನ್ನು ಬದಲಿಸುವುದೊಂದೇ ನ್ಯಾಯವಾದ ದಾರಿ.

ಬಾಕ್ಸ್ ತೆಗೆದು ಬೇರೆ ಕಾರಿನ ರ‍್ಯಾಕ್ ಹಾಕುವವರಿಗೆ ನನ್ನ ಪ್ರಶ್ನೆ ಒಂದೇ: ಟೈ ರಾಡಿನ ಒಳತುದಿ ಎಲ್ಲಿ ಬಂತು? ಚಕ್ರ ಮೇಲೆ ಕೆಳಗೆ ಆಡುವಾಗ ಸಸ್ಪೆನ್ಶನ್ ತೋಳು ಒಂದು ಕಮಾನು ಬಿಡಿಸುತ್ತದೆ, ಟೈ ರಾಡ್ ಇನ್ನೊಂದು. ಎರಡೂ ಹೊಂದದಿದ್ದರೆ ಸ್ಟಿಯರಿಂಗ್ ಅಲುಗಿಸದೆಯೇ ಪ್ರತಿ ಹೊಂಡದಲ್ಲೂ ಚಕ್ರ ತಾನಾಗಿ ತಿರುಗುತ್ತದೆ. ರ‍್ಯಾಕ್ ಬೆರಳಗಲ ಮೇಲೆ ಕೂತರೂ ಸಾಕು. ಗ್ಯಾರೇಜಿನ ಸಮತಟ್ಟು ನೆಲದಲ್ಲಿ ಅಲೈನ್‌ಮೆಂಟ್ ಚೊಕ್ಕ ಬರುತ್ತದೆ, ಹೆದ್ದಾರಿಯ ವೇಗದಲ್ಲಿ ಕಾರು ಅಲೆಯುತ್ತದೆ. ಇದನ್ನು ಪತ್ತೆ ಹಚ್ಚಲು ದುಬಾರಿ ಯಂತ್ರ ಬೇಡ. ಸ್ಪ್ರಿಂಗ್ ಬಿಚ್ಚಿ, ಜ್ಯಾಕಿನಿಂದ ಚಕ್ರವನ್ನು ಸ್ವಲ್ಪ ಸ್ವಲ್ಪ ಎತ್ತಿ, ಪ್ರತಿ ಹಂತದಲ್ಲೂ ಟೋ ಅಳೆದು ಬರೆದರೆ ಆಯಿತು. ಮಧ್ಯಾಹ್ನದ ಪ್ರಾತ್ಯಕ್ಷಿಕೆಯಲ್ಲಿ ವಿದ್ಯಾರ್ಥಿಗಳು ಇದನ್ನು ಕೈಯಾರೆ ಮಾಡಬೇಕೆಂಬುದು ನನ್ನ ಆಗ್ರಹ.

ಜೀಪುಗಳಿಗೂ ಪದ್ಮಿನಿಗಳಿಗೂ ಹಳೆಯ ಆಲ್ಟೊ, ವ್ಯಾಗನ್ ಆರ್‌ಗಳಿಂದ ಬಿಚ್ಚಿದ ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಕಾಲಂ ಕೂರಿಸುವ ಪದ್ಧತಿ ಬೆಳೆದಿದೆ. ವಯಸ್ಸಾದ ಚಾಲಕರ ತೋಳಿಗೆ ಇದು ದೊಡ್ಡ ಉಪಕಾರ, ನಾನು ವಿರೋಧಿಸುವುದಿಲ್ಲ. ಆದರೆ ಆ ಮೋಟಾರಿನ ಕಂಟ್ರೋಲರಿಗೆ ಕಾರಿನ ವೇಗ ಗೊತ್ತಾಗಬೇಕು. ಗೊತ್ತಾಗದಿದ್ದರೆ ವೇಗ ಹೆಚ್ಚಿದಾಗ ಸಹಾಯ ಎಷ್ಟು ಇಳಿಯಬೇಕೋ ಅಷ್ಟು ಇಳಿಯದು, ಕೈಗೆ ರಸ್ತೆಯ ಹಿಡಿತ ತಿಳಿಯದು. ಇನ್ನೊಂದು ಕುತ್ತು ಇದಕ್ಕಿಂತ ಗಹನ. ಬಿಗಿದ ಪಿನ್ನು, ಸವೆದ ಬಾಲ್ ಜಾಯಿಂಟುಗಳ ದೂರು ಮೊದಲು ಚಾಲಕನ ಅಂಗೈಗೆ ಮುಟ್ಟುತ್ತಿತ್ತು. ಈಗ ಮೋಟಾರ್ ಅದನ್ನು ಮರೆಮಾಚುತ್ತದೆ. ಇನ್ನು ಎರಡು ಶಾಫ್ಟುಗಳನ್ನು ತುದಿಗೆ ತುದಿ ಇಟ್ಟು ವೆಲ್ಡ್ ಮಾಡುವ ಕೆಲಸವನ್ನು ಯಾರೂ ಮಾಡಬಾರದು. ಸ್ಪ್ಲೈನ್ ಇರುವ ಕಪ್ಲಿಂಗ್, ಸರಿಯಾದ ಕೋನದಲ್ಲಿ ಯೂನಿವರ್ಸಲ್ ಜಾಯಿಂಟ್, ಇಷ್ಟು ಇಲ್ಲದೆ ಗಾಡಿ ಶೆಡ್ಡಿನಿಂದ ಹೊರಡಕೂಡದು.

ಕಾನೂನನ್ನೂ ಇಲ್ಲಿ ಎದುರಿಟ್ಟು ಮಾತಾಡಬೇಕು. ತಯಾರಕರು ಕೊಟ್ಟ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಆ ಪ್ರಕರಣ ಹೊರಟದ್ದೂ ಕೇರಳದಿಂದಲೇ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ವಾಹನ ಮೂಲ ರೂಪದಲ್ಲಿ ಉಳಿದಿರಬೇಕು. 1970ರ ದಶಕದ ಪದ್ಮಿನಿಗಳು ಈಗ ಒಂದೊಂದಾಗಿ ಆ ಹೊಸ್ತಿಲಿಗೆ ಬರುತ್ತಿವೆ. ಇಂದು ಚಾಸಿಯ ಕೊಂಬು ಕತ್ತರಿಸಿದವನು ನಾಳೆ ಆ ನೋಂದಣಿಗೆ ಅರ್ಜಿ ಹಿಡಿದು ನಿಂತರೆ ಏನು ತೋರಿಸುತ್ತಾನೆ? ಆದ್ದರಿಂದ ಹಳೆಯ ಬೋಲ್ಟಿನ ತೂತುಗಳನ್ನೇ ಬಳಸಿ, ಮತ್ತೆ ಬಿಚ್ಚಿ ಮೊದಲಿನಂತೆ ಮಾಡಬಹುದಾದ ಸುಧಾರಣೆಗೆ ನನ್ನ ಬೆಂಬಲ. ಒಳ್ಳೆಯ ಬುಶ್ಶು, ಹೊಸ ಶಾಕು, ತಕ್ಕ ಟೈರು ಎಲ್ಲ ಆ ಎಲ್ಲೆಯೊಳಗೇ ಬರುತ್ತವೆ. ಬಹಳಷ್ಟು ಕಾರುಗಳಿಗೆ ಅಷ್ಟೇ ಸಾಕು.

ಕೊನೆಯದಾಗಿ ಒಂದು ಕೆಲಸ ಕೊಡುತ್ತೇನೆ. ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಕಾಞಂಗಾಡುಗಳ ಹಿರಿಯ ಮೆಕ್ಯಾನಿಕರ ತಲೆಯಲ್ಲಿರುವ ಅಳತೆಗಳು ಎಲ್ಲೂ ಬರಹಕ್ಕೆ ಇಳಿದಿಲ್ಲ: ಯಾವ ಪಿನ್ನಿಗೆ ಎಷ್ಟು ಸಡಿಲ ಇರಬೇಕು, ಯಾವ ಬುಶ್ಶಿಗೆ ಯಾವ ಲೋಹ ಹೊಂದಿತು, ಮಳೆಗಾಲಕ್ಕೆ ಮುನ್ನ ಏನು ಬಿಚ್ಚಿ ನೋಡಬೇಕು. ವಿದ್ಯಾರ್ಥಿಗಳು ಈ ಎರಡು ದಿನ ಅವರ ಪಕ್ಕ ಕುಳಿತು ಅದನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದುಕೊಳ್ಳಲಿ. ಪ್ರತಿ ಕಾರಿಗೂ ಒಂದು ಹಾಳೆ: ಕೈ ಹಾಕುವ ಮುನ್ನ ಇದ್ದ ಕ್ಯಾಸ್ಟರ್, ಕ್ಯಾಂಬರ್, ಟೋ ಮತ್ತು ನೆಲದಿಂದ ಎತ್ತರ, ಕೆಲಸ ಮುಗಿದ ಮೇಲಿನದ್ದು, ಹಾಕಿದ ಭಾಗ ಯಾವ ವಾಹನದ್ದು. ಆ ಹಾಳೆಯ ಕರಡನ್ನು ಮೊದಲ ಗೋಷ್ಠಿಯಲ್ಲಿ ನಿಮ್ಮ ಮುಂದಿಡಲಾಗುವುದು. ಅದನ್ನು ತಿದ್ದಿ ಕೊಡಿ.